ಕೊಳ ಮುಚ್ಚಿದ ಈ ಹಸಿರು ಯಾವುದು, ತೆಗೆದಷ್ಟೂ ಮತ್ತೆ ಯಾಕೆ ಬರುತ್ತದೆ?

ಪ್ರಶ್ನೆ: ನಮ್ಮದೊಂದು ಚಿಕ್ಕ ಕೊಳ, ಸುಮಾರು 500 ಚದರ ಮೀಟರ್. ಮೀನು ಬಿಟ್ಟಿದ್ದೇವೆ. ಮೊದಲು ಅಂಚಿನಲ್ಲಿ ನಾಲ್ಕೈದು ಪುಟ್ಟ ತೇಲುವ ಗಿಡ ಕಂಡವು, ನೋಡೋಕೆ ಚೆನ್ನಾಗಿವೆ ಅಂತ ಸುಮ್ನೆ ಬಿಟ್ಟೆವು. ಈಗ ನೀರೇ ಕಾಣುವುದಿಲ್ಲ. ಎರಡು ಸಲ ಆಳು ಇಟ್ಟು ತೆಗೆಸಿದೆ, ಎರಡು ಸಲವೂ ತಿಂಗಳೊಳಗೆ ವಾಪಸ್ ಬಂತು. ಎಲೆಗಳು ನಡುವೆ ಮಡಚಿಕೊಂಡು ನಿಂತಿವೆ, ಮೇಲೆ ಕೂದಲಿನಂಥದ್ದು ಇದೆ. ಒಬ್ಬರು ಅಜೋಲಾ ಅಂದರು, ಇನ್ನೊಬ್ಬರು ಅಂತರಗಂಗೆ ಅಂದರು. ಕಳೆನಾಶಕ ಹೊಡೆಯಲಾ, ಇಲ್ಲ ಹುಲ್ಲುಗೆಂಡೆ ಮೀನು ಬಿಡಲಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೊದಲು ಒಂದು ಗಿಡ ಕೈಗೆ ತೆಗೆದುಕೊಳ್ಳಿ.

ಒಂದು ಬಿಳಿ ಬಟ್ಟಲಿಗೆ ನೀರು ಹಾಕಿ ಅದರಲ್ಲಿ ಬಿಡಿ. ಬಿಡಿಸಿ ನೋಡಿದರೆ ಒಂದು ತೆಳ್ಳನೆಯ ಕಾಂಡ, ಅದರ ಮೇಲೆ ಅಲ್ಲಲ್ಲಿ ಗಿಣ್ಣು ಕಾಣಬೇಕು. ಪ್ರತಿ ಗಿಣ್ಣಿನಲ್ಲೂ ಎರಡು ಹಸಿರೆಲೆ ನೀರಿನ ಮೇಲೆ ಇರುತ್ತವೆ, ಕೆಳಗೆ ಕಂದು ಬಣ್ಣದ ಎಳೆಎಳೆಯಾದ ಗೊಂಚಲು ನೇತಾಡುತ್ತಿರುತ್ತದೆ. ಅದನ್ನು ನೋಡಿದವರೆಲ್ಲ ಬೇರು ಅಂದುಕೊಳ್ಳುತ್ತಾರೆ. ಅದು ಬೇರಲ್ಲ, ಮೂರನೆಯ ಎಲೆ. ಈ ಗಿಡಕ್ಕೆ ಬೇರೇ ಇಲ್ಲ. ಎಲೆಯೇ ಸೀಳಿ ಸೀಳಿ ಬೇರಿನ ಕೆಲಸ ಮಾಡುತ್ತದೆ.

ಈಗ ಮೇಲಿನ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿ, ಇಲ್ಲದಿದ್ದರೆ ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಪುಟ್ಟ ಪುಟ್ಟ ಕಂಬಗಳು, ಪ್ರತಿ ಕಂಬದ ತುದಿಯಲ್ಲಿ ನಾಲ್ಕು ಕೂದಲು ಹೊರಕ್ಕೆ ಬಾಗಿ ಮತ್ತೆ ತುದಿಯಲ್ಲಿ ಒಂದಕ್ಕೊಂದು ಕೂಡಿಕೊಂಡು, ತಂತಿಯ ಕಡೆಗೋಲಿನ ತಲೆಯ ಹಾಗೆ ಒಂದು ಪುಟ್ಟ ಪಂಜರ ಆಗಿರುತ್ತವೆ. ಆ ಪಂಜರ ಕಂಡರೆ ಅನುಮಾನ ಬಹುಪಾಲು ಮುಗಿಯಿತು. ಒಂದು ಹನಿ ನೀರು ಹಾಕಿ ನೋಡಿ, ಎಲೆಗೆ ಅಂಟುವುದೇ ಇಲ್ಲ, ಮಣಿಯ ಹಾಗೆ ಉರುಳಿ ಹೋಗುತ್ತದೆ. ಇದು ಮುಂದೆ ಕಳೆನಾಶಕದ ಮಾತು ಬಂದಾಗ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ನೀವು ಬರೆದ ಗುರುತುಗಳನ್ನು ನೋಡಿದರೆ ನನಗೆ ಇದು ಸಾಲ್ವೀನಿಯಾ ಮೊಲೆಸ್ಟಾ ಅನ್ನಿಸುತ್ತದೆ. ನೀರಲ್ಲಿ ತೇಲುವ ಒಂದು ಜರೀಗಿಡ. ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಮೂಲ ಊರು ಬ್ರೆಜಿಲ್‌ನ ಆಗ್ನೇಯ ಭಾಗ. ಮೊಲೆಸ್ಟಾ ಅಂದರೆ ಲ್ಯಾಟಿನ್‌ನಲ್ಲಿ ಕಾಟ ಕೊಡುವಂಥದ್ದು ಅಂತ.

ಮೊದಲು ಕಂಡ ಪುಟ್ಟ ಗಿಡಗಳು ಬೇರೆ, ಈಗಿನದು ಬೇರೆ ಅಂತ ನಿಮಗೆ ಅನ್ನಿಸಿರಬಹುದು. ಬಹುಶಃ ಎರಡೂ ಒಂದೇ. ಜಾಗ ಜಾಸ್ತಿ ಇದ್ದಾಗ ಈ ಗಿಡದ ಎಲೆ ಚಿಕ್ಕದು, ಒಂದೂವರೆ ಸೆಂಟಿಮೀಟರ್ ಒಳಗೆ, ನೀರಿಗೆ ಅಂಟಿದಂತೆ ಚಪ್ಪಟೆ. ಸ್ವಲ್ಪ ಬೆಳೆದಾಗ ದೋಣಿಯ ಹಾಗೆ ಬಾಗುತ್ತದೆ. ಇಕ್ಕಟ್ಟಾದ ಮೇಲೆ ಎಲೆಗಳು ದೊಡ್ಡದಾಗಿ, ನಡುವೆ ಮಡಚಿ, ಒಂದನ್ನೊಂದು ಒತ್ತಿಕೊಂಡು ಮೇಲಕ್ಕೆ ನಿಲ್ಲುತ್ತವೆ. ಮೂರು ಹಂತದ ಫೋಟೋ ಪಕ್ಕಪಕ್ಕ ಇಟ್ಟರೆ ಮೂರು ಗಿಡ ಅಂತಲೇ ಹೇಳುತ್ತೀರಿ. ಇದನ್ನೇ ಜನ ಗುರುತಿಸದೆ ಬಿಡುವುದು, ಚಪ್ಪಟೆಯಾಗಿರುವ ಮೊದಲ ಹಂತದಲ್ಲಿ. ಒಂದು ಬುಟ್ಟಿಯಲ್ಲಿ ಮುಗಿಯುವ ಕೆಲಸವೂ ಆ ಹಂತದಲ್ಲೇ ಇರುತ್ತದೆ.

ಅಜೋಲಾ ಯಾಕಲ್ಲ? ಅಜೋಲಾದ ಎಲೆ ಒಂದೆರಡು ಮಿಲಿಮೀಟರ್‌ನದ್ದು, ಹೊದಿಸಿದ ಹಾಗೆ ಒಂದರ ಮೇಲೊಂದು ಇರುತ್ತದೆ. ಬಿಸಿಲು ಹೆಚ್ಚಾದಾಗ ಕೆಂಪಗಾಗುತ್ತದೆ, ಕೆಳಗೆ ನಿಜವಾದ ಬೇರು ಇರುತ್ತದೆ. ಅಂತರಗಂಗೆಯಾದರೆ ಎಲೆಗಳು ಒಂದೇ ಬುಡದಿಂದ ಸುತ್ತಲೂ ಹೂವಿನ ಹಾಗೆ ಅರಳಿರುತ್ತವೆ, ಎಲೆಯ ಉದ್ದಕ್ಕೂ ಗೆರೆಗೆರೆ ಕಾಣುತ್ತದೆ. ಕೆಲವು ಕಡೆ ನೇರಳೆ ಹೂವಿನ ವಾಟರ್ ಹಯಸಿಂತ್‌ಗೂ ಅಂತರಗಂಗೆ ಅಂತಲೇ ಅನ್ನುತ್ತಾರೆ, ಅದರ ಎಲೆಯ ತೊಟ್ಟು ಗಾಳಿ ತುಂಬಿದ ಬುರುಡೆಯ ಹಾಗೆ ಉಬ್ಬಿರುತ್ತದೆ. ಇನ್ನೊಂದು ಸಾಲ್ವೀನಿಯಾ ಇದೆ, ಮಿನಿಮಾ ಅಂತ. ಅದರ ಕೂದಲ ತುದಿಗಳು ಕೂಡಿರುವುದಿಲ್ಲ, ಬಿಡಿಬಿಡಿ ಇರುತ್ತವೆ. ಇನ್ನು ಮೊಲೆಸ್ಟಾದ ಒಂದೆರಡು ಹತ್ತಿರದ ಸಂಬಂಧಿಗಳಲ್ಲೂ ಪಂಜರ ಇರುತ್ತದೆ. ಆ ವ್ಯತ್ಯಾಸ ಹೇಳೋಕೆ ಸಸ್ಯಶಾಸ್ತ್ರ ಓದಿದವರೇ ಬೇಕು. ಕೈಯಿಂದ ತೆಗೆಯುವ ಕೆಲಸಕ್ಕೆ ಅದು ಮುಖ್ಯವಲ್ಲ. ಕಳೆ ತಿನ್ನುವ ಹುಳ ಬಿಡುವ ಕೆಲಸಕ್ಕೆ ಬಹಳ ಮುಖ್ಯ, ಅದನ್ನು ಮುಂದೆ ಹೇಳುತ್ತೇನೆ.

ಈಗ ನಿಮ್ಮ ನಿಜವಾದ ಪ್ರಶ್ನೆ, ತೆಗೆದರೂ ಯಾಕೆ ಬರುತ್ತದೆ ಅನ್ನುವುದು. ಈ ಗಿಡ ತುಂಡಿನಿಂದ ಹುಟ್ಟುತ್ತದೆ. ಒಂದು ಗಿಣ್ಣಿನಲ್ಲಿ ಒಂದಲ್ಲ, ಹಲವು ಮೊಗ್ಗು ಅಡಗಿರುತ್ತವೆ, ಹೊರಗಿನದು ಮುರಿದರೆ ಒಳಗಿನದು ಎದ್ದು ಬರುತ್ತದೆ. ಕುಂಟೆ ಹಾಕಿ ಎಳೆದಾಗ ನಿಮ್ಮ ಆಳುಗಳು ಅರ್ಧ ಗಿಡ ತೆಗೆದರು, ಇನ್ನರ್ಧವನ್ನು ಮುರಿದು ಹರಡಿದರು. ಅದು ಅವರ ತಪ್ಪಲ್ಲ, ಹಾಗೆ ಎಳೆದರೆ ಆಗುವುದೇ ಹಾಗೆ.

ಲೆಕ್ಕ ಹಾಕಿ ನೋಡಿ. ಬಿಸಿಲು, ಬೆಚ್ಚನೆ ನೀರು, ಸತ್ವ ಎಲ್ಲ ಸರಿಯಾಗಿದ್ದರೆ ಇದು ಎರಡು ಮೂರು ದಿನಕ್ಕೆ ಎರಡರಷ್ಟು ಆಗಬಲ್ಲದು. ಹೊರಗಿನ ಕೊಳದಲ್ಲಿ ಅಷ್ಟು ಆಗದಿರಬಹುದು, ವಾರಕ್ಕೆ ಒಂದು ಸಲ ಅಂತ ಇಟ್ಟುಕೊಳ್ಳೋಣ. ನೀವು ನೂರಕ್ಕೆ 95 ಪಾಲು ತೆಗೆಸಿದಿರಿ, ಉಳಿದದ್ದು 25 ಚದರ ಮೀಟರ್. ಒಂದು ವಾರಕ್ಕೆ 50, ಎರಡಕ್ಕೆ 100, ಮೂರಕ್ಕೆ 200, ನಾಲ್ಕಕ್ಕೆ 400. ತಿಂಗಳೊಳಗೆ ವಾಪಸ್ ಬಂತು ಅಂದಿರಲ್ಲ, ಸರಿಯಾಗಿ ಅಷ್ಟೇ. ಎರಡು ಸಲ ಕೂಲಿ ಕೊಟ್ಟು ನೀವು ಕೊಂಡದ್ದು ನಾಲ್ಕು ನಾಲ್ಕು ವಾರ.

ಆದರೆ ಇದೇ ಗಿಡದಲ್ಲಿ ಒಂದು ದೊಡ್ಡ ದೌರ್ಬಲ್ಯ ಇದೆ, ನಾನು ಈ ಉತ್ತರ ಇಷ್ಟು ಉದ್ದ ಬರೆಯುತ್ತಿರುವುದೂ ಅದಕ್ಕೇ. ಕೆಳಗಿನ ಕಂದು ಎಳೆಗಳ ನಡುವೆ ಮಣಿಸರದ ಹಾಗೆ ಪುಟ್ಟ ಉಂಡೆಗಳು ಕಾಣಬಹುದು, ಅವು ಬೀಜಕಗಳ ಚೀಲ, ಜರೀಗಿಡಗಳಿಗೆ ಬೀಜದ ಬದಲು ಇರುವುದು ಈ ಬೀಜಕ. ಈ ಜಾತಿಯಲ್ಲಿ ಅವು ಬಂಜೆ. ಗಿಡದ ಪ್ರತಿ ಜೀವಕೋಶದಲ್ಲಿ ವರ್ಣತಂತುಗಳ ಕಟ್ಟು ಎರಡರ ಬದಲು ಐದು, ಅಂದರೆ ಬೆಸ ಸಂಖ್ಯೆಯಲ್ಲಿ ಇರುವುದರಿಂದ ಸರಿಯಾದ ಬೀಜಕ ಆಗುವುದಿಲ್ಲ. ಅಂದರೆ ಕೆಸರಿನಲ್ಲಿ ಬೀಜದ ಗಂಟು ಬಿದ್ದಿಲ್ಲ. ವಾಟರ್ ಹಯಸಿಂತ್ ಆಗಿದ್ದರೆ ತಳದಲ್ಲಿ ಬೀಜ ಇಪ್ಪತ್ತು ವರ್ಷದವರೆಗೂ ಕಾದು ಕೂತಿರಬಲ್ಲದು, ನಾನು ನಿಮಗೆ ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ. ಇದರಲ್ಲಿ ಹಾಗಲ್ಲ. ಕೊನೆಯ ಹಸಿರು ತುಂಡು ಹೊರಗೆ ಬಂದ ದಿನ, ಹೊರಗಿನಿಂದ ಮತ್ತೆ ಯಾರೂ ತರದಿದ್ದರೆ, ಅದು ನಿಜವಾಗಿ ಮುಗಿಯಿತು. ಆದ್ದರಿಂದ ನಿಮ್ಮ ಶಕ್ತಿಯನ್ನೆಲ್ಲ ಮೊದಲ 95 ಪಾಲಿಗೆ ಖರ್ಚು ಮಾಡಬೇಡಿ. ಅರ್ಧ ಶಕ್ತಿ ಕೊನೆಯ ಐದು ಪಾಲಿಗೆ ಉಳಿಸಿಕೊಳ್ಳಿ.

500 ಚದರ ಮೀಟರ್ ಕೊಳಕ್ಕೆ ನನ್ನ ಮಟ್ಟಿಗೆ ಕೈಕೆಲಸವೇ ಸರಿ. ಹೇಗೆ ಅಂದರೆ, ಕೊಳವನ್ನು ಮೊದಲು ತೇಲುವ ಹಗ್ಗದಿಂದ ಭಾಗ ಮಾಡಿ. ಹಗ್ಗಕ್ಕೆ ಖಾಲಿ ಪ್ಲಾಸ್ಟಿಕ್ ಬಾಟಲಿ ಕಟ್ಟಿ, ಕೆಳಗೆ ಒಂದು ಅಡಿ ಸಣ್ಣ ಕಣ್ಣಿನ ಬಲೆ ಇಳಿಬಿಟ್ಟರೆ ಸಾಕು. ಗಾಳಿ ಯಾವ ಕಡೆ ತಳ್ಳುತ್ತದೋ ಆ ದಡದಲ್ಲಿ ನಿಂತು ತೆಗೆಯಿರಿ, ಕಳೆಯೇ ನಿಮ್ಮ ಹತ್ತಿರ ಬರುತ್ತದೆ. ಕುಂಟೆಯಿಂದ ಎಳೆಯುವುದಕ್ಕಿಂತ ಬಲೆಯನ್ನು ಕೆಳಗಿನಿಂದ ತೂರಿಸಿ ಮೇಲಕ್ಕೆ ಎತ್ತುವುದು ಒಳ್ಳೆಯದು, ಮುರಿಯುವುದು ಕಡಿಮೆ. ಒಂದು ಭಾಗ ಖಾಲಿಯಾದ ಮೇಲೆ ಹಗ್ಗ ಮುಂದಕ್ಕೆ ಸರಿಸಿ. ಹೀಗೆ ಮಾಡಿದರೆ ತೆರವಾದ ಜಾಗಕ್ಕೆ ಮತ್ತೆ ತೇಲಿ ಬರುವುದಿಲ್ಲ. ತೂಬು, ಕೋಡಿ ಏನೇ ಇರಲಿ ನೀರು ಹೊರಹೋಗುವ ಬಾಯಿಗೆ ಕೆಲಸ ಶುರು ಮಾಡುವ ಮೊದಲೇ ಬಲೆ ಕಟ್ಟಿ, ಇಲ್ಲದಿದ್ದರೆ ನಿಮ್ಮ ಕೊಳದ ಕಷ್ಟ ಕೆಳಗಿನವರ ಕೊಳಕ್ಕೂ ಹೋಗುತ್ತದೆ.

ಒಂದು ಎಚ್ಚರಿಕೆ, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದಟ್ಟವಾಗಿ ಹೆಣೆದುಕೊಂಡ ಕಳೆ ದೂರದಿಂದ ಹುಲ್ಲುನೆಲದ ಹಾಗೆ ಕಾಣುತ್ತದೆ. ಮಕ್ಕಳು, ದನಕರು ನೆಲ ಅಂದುಕೊಂಡು ಕಾಲಿಟ್ಟರೆ ಮುಳುಗುತ್ತಾರೆ, ಮೇಲಿನ ಹೊದಿಕೆ ಮತ್ತೆ ಕೂಡಿಕೊಂಡು ಬಿದ್ದ ಜಾಗವೂ ಕಾಣುವುದಿಲ್ಲ. ತೆಗೆಯುವವರೂ ಒಬ್ಬೊಬ್ಬರೇ ಇಳಿಯಬಾರದು. ಕಳೆ ಇರುವಷ್ಟು ದಿನ ಸುತ್ತ ಏನಾದರೂ ಬೇಲಿ ಹಾಕಿ.

ತೆಗೆದದ್ದನ್ನು ಎಲ್ಲಿ ಹಾಕುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಕೆಲಸಕ್ಕೆ ಬಂದ ಹೊಸತರಲ್ಲಿ ನಾನು ಒಂದು ಹೊಂಡದ ಕಳೆಯನ್ನೆಲ್ಲ ತೆಗೆಸಿ ದಡದ ಮೇಲೇ ರಾಶಿ ಹಾಕಿಸಿದ್ದೆ. ಮೇಲೆ ಎಲ್ಲ ಒಣಗಿ ಹುಲ್ಲಿನ ಹಾಗೆ ಆಗಿತ್ತು, ಸತ್ತಿತು ಅಂದುಕೊಂಡೆ. ಎರಡು ವಾರದ ಮೇಲೆ ಜೋರು ಮಳೆ ಬಂದು ರಾಶಿ ಜಾರಿತು, ಒಳಗಿನದು ಹಸಿರಾಗೇ ಇತ್ತು. ಎಲ್ಲ ಕೆಲಸ ಮೊದಲಿನಿಂದ ಮಾಡಬೇಕಾಯಿತು. ಹಾಗಾಗಿ ನೀರಿನಿಂದ ದೂರ, ಇಳಿಜಾರು ಕೊಳದ ಕಡೆ ಇಲ್ಲದ ಜಾಗದಲ್ಲಿ, ತೆಳ್ಳಗೆ ಹರಡಿ ಬಿಸಿಲಿಗೆ ಒಣಗಿಸಿ. ಪೂರ್ತಿ ಗರಿಗರಿ ಆದ ಮೇಲೆ ಗೊಬ್ಬರದ ಗುಂಡಿಗೆ ಹಾಕಬಹುದು, ಗಿಡಗಳ ಬುಡಕ್ಕೆ ಹೊದಿಕೆ ಮಾಡಬಹುದು. ಚರಂಡಿ ಇಲ್ಲವೇ ಕಾರ್ಖಾನೆಯ ನೀರು ಸೇರುವ ಕೊಳವಾದರೆ ಬೇಡ, ಈ ಗಿಡ ನೀರಿನಲ್ಲಿರುವ ಭಾರದ ಲೋಹಗಳನ್ನು ಹೀರಿಕೊಳ್ಳುತ್ತದೆ.

ಕಳೆನಾಶಕ. ಇದರ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ, ಮೀನಿರುವ ಸಣ್ಣ ಕೊಳಕ್ಕೆ ನಾನು ಸಲಹೆ ಮಾಡುವುದಿಲ್ಲ. ಗ್ಲೈಫೋಸೇಟ್, ಡೈಕ್ವಾಟ್, ಫ್ಲೂರಿಡೋನ್ ಇವೆಲ್ಲ ಈ ಕಳೆಯ ಮೇಲೆ ಬೇರೆ ಬೇರೆ ದೇಶಗಳಲ್ಲಿ ಬಳಕೆಯಲ್ಲಿವೆ, ಕೆಲಸವನ್ನೂ ಮಾಡುತ್ತವೆ. ಆದರೆ ನೀರಿನ ಹನಿ ಉರುಳಿದ್ದು ನೆನಪಿದೆ ಅಲ್ವಾ? ಔಷಧಿಯೂ ಹಾಗೇ ಉರುಳುತ್ತದೆ, ಅಂಟುವ ದ್ರವ ಬೆರೆಸಲೇಬೇಕು. ಹೊಲಕ್ಕೆ ಹೊಡೆಯುವ ಗ್ಲೈಫೋಸೇಟ್‌ನಲ್ಲಿ ಅಂಥ ದ್ರವ ಎಷ್ಟೋ ಸಲ ಮೊದಲೇ ಬೆರೆತಿರುತ್ತದೆ, ಅದರಲ್ಲಿ ಕೆಲವು ಮೀನಿಗೂ ಕಪ್ಪೆಯ ಮರಿಗಳಿಗೂ ಗ್ಲೈಫೋಸೇಟ್‌ಗಿಂತ ಜಾಸ್ತಿ ವಿಷ. ನೀರಿನ ಬಳಕೆಗೆ ಅಂತಲೇ ಒಪ್ಪಿಗೆ ಪಡೆದ ತಯಾರಿಕೆ ಬೇರೆ ಇರುತ್ತದೆ, ಡಬ್ಬಿಯ ಮೇಲೆ ಹಾಗೆ ಬರೆದಿರದಿದ್ದರೆ ನೀರಿನ ಹತ್ತಿರವೇ ತರಬೇಡಿ. ಇನ್ನೊಂದು, ಪದರ ದಪ್ಪಗಿದ್ದರೆ ಮೇಲಿನದಕ್ಕೆ ಮಾತ್ರ ಔಷಧಿ ತಾಗುತ್ತದೆ, ಅಡಿಯಲ್ಲಿರುವ ತುಂಡುಗಳು ಮೇಲಿನದು ಸತ್ತ ಖುಷಿಗೆ ಬೆಳಕು ಸಿಕ್ಕಿ ಬೆಳೆಯುತ್ತವೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಔಷಧಿಯ ವಿಷವಲ್ಲ, ಉಸಿರುಗಟ್ಟುವುದು. ಕೊಳದ ತುಂಬ ಇರುವ ಕಳೆ ಒಟ್ಟಿಗೆ ಸತ್ತು ಕೊಳೆತರೆ ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಡಿಯುವುದು ನೋಡುತ್ತೀರಿ, ಮಾರನೆ ದಿನ ತೇಲುತ್ತವೆ. ಈಗಾಗಲೇ ನಿಮ್ಮ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ, ಯಾಕೆಂದರೆ ಬೆಳಕೇ ಒಳಗೆ ಹೋಗುತ್ತಿಲ್ಲ. ಎಲ್ಲೋ ದೊಡ್ಡ ಜಲಾಶಯದಲ್ಲಿ ಕಳೆನಾಶಕ ಬೇಕೇ ಬೇಕು ಅಂತಾದರೆ ತಿಳಿದವರು ಮೂರರಲ್ಲಿ ಒಂದು ಭಾಗಕ್ಕೆ ಹೊಡೆದು, ಅದು ಕೊಳೆತು ಮುಗಿಯುವವರೆಗೆ ಕೆಲವು ವಾರ ಬಿಟ್ಟು, ಆಮೇಲೆ ಮುಂದಿನ ಭಾಗಕ್ಕೆ ಹೋಗುತ್ತಾರೆ, ಅದೂ ಆ ಜಾಗದ ಅಧಿಕಾರಿಗಳ ಒಪ್ಪಿಗೆ ತೆಗೆದುಕೊಂಡು. ಉಪ್ಪು ಸುರಿಯಿರಿ ಅಂತಲೂ ಯಾರಾದರೂ ಹೇಳಬಹುದು. ಸಮುದ್ರದ ನೀರಿನಷ್ಟು ಉಪ್ಪಿದ್ದರೆ ಈ ಗಿಡ ಸಾಯುವುದು ನಿಜ, ನಿಮ್ಮ ಕೊಳವೂ ಅದರ ಜೊತೆ ಸಾಯುತ್ತದೆ.

ಹುಲ್ಲುಗೆಂಡೆ ಬೇಡ. ಅದು ನೀರೊಳಗಿನ ಮೆತ್ತನೆಯ ಗಿಡ ತಿನ್ನುತ್ತದೆ, ಕೂದಲು ತುಂಬಿದ ಸಾಲ್ವೀನಿಯಾ ಅದಕ್ಕೆ ಇಷ್ಟವಿಲ್ಲ. ನಿಮಗೆ ಬೇಕಾದ ಗಿಡ ಹೋಗಿ ಬೇಡದ್ದು ಉಳಿಯುತ್ತದೆ.

ಇನ್ನು ಹುಳದ ಮಾತು. ಈ ಕಳೆಯ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು, ಯಾಕೆಂದರೆ ಗುರುತು ತಪ್ಪಿದರೆ ಏನಾಗುತ್ತದೆ, ಸರಿಯಾದರೆ ಏನಾಗುತ್ತದೆ ಎರಡೂ ಇದರಲ್ಲಿ ಕಾಣುತ್ತದೆ. 1939ರಲ್ಲಿ ಶ್ರೀಲಂಕಾಕ್ಕೆ ಈ ಗಿಡ ಬಂತು, ಆಮೇಲೆ ಆಫ್ರಿಕಾದ ಕರೀಬಾ ಜಲಾಶಯ. ಅಲ್ಲಿ 1958ರ ಕೊನೆಯಲ್ಲಿ ನೀರು ತುಂಬಲು ಶುರುವಾಯಿತು, 1962ರ ಹೊತ್ತಿಗೆ ಸುಮಾರು 1,000 ಚದರ ಕಿಲೋಮೀಟರ್ ನೀರಿನ ಮೇಲೆ ಇದೇ ಕಳೆ. ಆಗ ಎಲ್ಲರೂ ಇದನ್ನು ಸಾಲ್ವೀನಿಯಾ ಆರಿಕ್ಯುಲೇಟಾ ಅನ್ನುತ್ತಿದ್ದರು. ಆ ಹೆಸರು ನಂಬಿ, ಆರಿಕ್ಯುಲೇಟಾ ಬೆಳೆಯುವ ಟ್ರಿನಿಡಾಡ್‌ನಿಂದ ಅದನ್ನು ತಿನ್ನುವ ಕೀಟಗಳನ್ನು ತಂದು ಬಿಟ್ಟರು, ಅವುಗಳಲ್ಲಿ ಒಂದು ಮೂತಿಹುಳವೂ ಇತ್ತು. ಅಂದುಕೊಂಡ ಫಲ ಸಿಗಲಿಲ್ಲ. 1972ರಲ್ಲಿ ಸಸ್ಯಶಾಸ್ತ್ರಜ್ಞ ಡಿ. ಎಸ್. ಮಿಚೆಲ್ ಇದು ಬೇರೆಯೇ ಜಾತಿ ಅಂತ ತೋರಿಸಿ ಮೊಲೆಸ್ಟಾ ಅಂತ ಹೆಸರಿಟ್ಟರು. ಆಮೇಲೆ 1978ರಲ್ಲಿ ಕೀಟತಜ್ಞೆ ವೆಂಡಿ ಫೋರ್ನೋ ಅವರ ಹುಡುಕಾಟದಿಂದ ಇದರ ತವರು ಆಗ್ನೇಯ ಬ್ರೆಜಿಲ್ ಅಂತ ಗೊತ್ತಾಯಿತು. ಅಲ್ಲಿ ಸಿಕ್ಕ ಮೂತಿಹುಳ ನೋಡೋಕೆ ಟ್ರಿನಿಡಾಡ್‌ನ ಹುಳದ ಹಾಗೇ ಇತ್ತು. ಅದನ್ನು 1980ರಲ್ಲಿ ಆಸ್ಟ್ರೇಲಿಯಾದ ಮೂಂಡಾರಾ ಜಲಾಶಯದಲ್ಲಿ ಬಿಟ್ಟರು. ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲದಲ್ಲಿ ಸುಮಾರು 200 ಹೆಕ್ಟೇರ್ ಕಳೆ ಕಂದಾಗಿ, ಕೊಳೆತು, ಮುಳುಗಿಹೋಯಿತು. ಹುಳ ಕೂಡ ಬೇರೆ ಜಾತಿಯದು ಅಂತ ಆಮೇಲೆ ತಿಳಿಯಿತು, 1985ರಲ್ಲಿ ಅದಕ್ಕೆ ಸಿರ್ಟೋಬೇಗಸ್ ಸಾಲ್ವೀನಿಯೇ ಅಂತ ಹೆಸರು ಬಂತು. ಗಿಡದ ಗುರುತೂ ತಪ್ಪಿತ್ತು, ಹುಳದ ಗುರುತೂ ತಪ್ಪಿತ್ತು, ಅಷ್ಟರಲ್ಲಿ ವರ್ಷಗಟ್ಟಲೆ ಕಾಲ ಹೋಯಿತು.

ಈ ಹುಳ ಎರಡು ಮಿಲಿಮೀಟರ್ ಚಿಲ್ಲರೆ ಉದ್ದ, ಕಪ್ಪು. ದೊಡ್ಡ ಹುಳ ಮೊಗ್ಗು ತಿನ್ನುತ್ತದೆ, ಮರಿ ಕಾಂಡದೊಳಗೆ ಕೊರೆಯುತ್ತದೆ. ಅಂದರೆ ಗಿಡ ಮತ್ತೆ ಚಿಗುರುವ ಜಾಗವನ್ನೇ ಎರಡೂ ಸೇರಿ ಮುಗಿಸುತ್ತವೆ, ಕುಂಟೆಗೆ ಸಾಧ್ಯವಾಗದ ಕೆಲಸ. ಇನ್ನೊಂದು ವಿಷಯ ಪಪುವಾ ನ್ಯೂಗಿನಿಯ ಸೆಪಿಕ್ ನದಿಯಲ್ಲಿ ಗೊತ್ತಾಯಿತು. ಅಲ್ಲಿ ಹುಳ ಬಿಟ್ಟರೆ ಮೊದಲು ನಿಲ್ಲಲೇ ಇಲ್ಲ. ಗಿಡದಲ್ಲಿ ಸಾರಜನಕ ಕಡಿಮೆ, ಹುಳಕ್ಕೆ ಪೋಷಣೆ ಸಾಲುತ್ತಿರಲಿಲ್ಲ. ಆಗ ಒಂದಷ್ಟು ಜಾಗದ ಕಳೆಗೆ ಯೂರಿಯಾ ಹಾಕಿದರು! ಕಳೆ ಕೊಬ್ಬಿತು, ಹುಳ ಹೆಚ್ಚಿತು, ಹಾನಿಗೊಂಡ ಗಿಡದಲ್ಲಿ ಸಾರಜನಕ ಇನ್ನಷ್ಟು ಹೆಚ್ಚಿ ಹುಳ ತಾನಾಗಿಯೇ ಹಬ್ಬಿತು. ಸುಮಾರು 250 ಚದರ ಕಿಲೋಮೀಟರ್ ಮುಚ್ಚಿದ್ದ ಕಳೆ ಕೆಲವೇ ವರ್ಷಗಳಲ್ಲಿ ಕರಗಿತು, ಜನರ ದೋಣಿಗಳು ಮತ್ತೆ ಓಡಾಡಿದವು.

ಹಾಗಾದರೆ ನಿಮಗೂ ಹುಳ ಯಾಕೆ ಬೇಡ? ಮೂರು ಕಾರಣ. ಹುಳ ಬಿಡಲು ಸರ್ಕಾರದ ಒಪ್ಪಿಗೆ ಬೇಕು, ಎಲ್ಲಿಂದಲೋ ಬಕೆಟ್‌ನಲ್ಲಿ ತಂದು ಸುರಿಯುವಂಥದ್ದಲ್ಲ. ಅದು ತನ್ನ ಕೆಲಸಕ್ಕೆ ವರ್ಷ ತೆಗೆದುಕೊಳ್ಳುತ್ತದೆ, ಚಳಿ ಜಾಸ್ತಿ ಇರುವ ಕಡೆ ಇನ್ನೂ ನಿಧಾನ. ಮತ್ತೆ ಅದು ಕಳೆಯನ್ನು ಪೂರ್ತಿ ಮುಗಿಸುವುದಿಲ್ಲ, ಕಳೆ ಕಡಿಮೆಯಾದರೆ ಹುಳವೂ ಕಡಿಮೆಯಾಗುತ್ತದೆ, ಎರಡೂ ಸ್ವಲ್ಪ ಸ್ವಲ್ಪ ಉಳಿದುಕೊಳ್ಳುತ್ತವೆ. ದೊಡ್ಡ ಕೆರೆ, ಜವುಗು, ನದಿಗೆ ಅದೇ ದೊಡ್ಡ ವರ. ನಿಮ್ಮ ಕೊಳದಲ್ಲಿ ಪೂರ್ತಿ ಮುಗಿಸುವುದು ಸಾಧ್ಯ ಇರುವಾಗ ಅರ್ಧಕ್ಕೆ ಒಪ್ಪಿಕೊಳ್ಳಬೇಕಾಗಿಲ್ಲ.

ಕಳೆ ಇಷ್ಟು ಬೇಗ ಬೆಳೆಯಿತು ಅಂದರೆ ನೀರಿಗೆ ಎಲ್ಲಿಂದಲೋ ಗೊಬ್ಬರ ಬರುತ್ತಿದೆ. ಹೊಲದ ಗೊಬ್ಬರ ತೊಳೆದು ಬರುತ್ತಿದೆಯಾ, ಕೊಟ್ಟಿಗೆಯ ನೀರು, ಬಚ್ಚಲ ನೀರು ಸೇರುತ್ತಿದೆಯಾ ನೋಡಿ. ಮೀನಿಗೆ ಹಾಕುವ ಮೇವು ಜಾಸ್ತಿಯಾದರೂ ಅದೇ ಕಥೆ. ಕರೀಬಾದಲ್ಲಿ ಹೊಸ ನೀರಿನ ಸತ್ವ ಇಳಿಯುತ್ತ ಬಂದ ಹಾಗೆ ಕಳೆಯೂ ತುಂಬಾ ಕಡಿಮೆಯಾಯಿತು. ನೀವು ತೆಗೆದು ಹೊರಗೆ ಹಾಕಿದ ಪ್ರತಿ ಬುಟ್ಟಿಯ ಜೊತೆ ಸ್ವಲ್ಪ ಸತ್ವವೂ ಹೊರಗೆ ಹೋಗುತ್ತದೆ, ಕೈಕೆಲಸ ನನಗೆ ಇಷ್ಟವಾಗಲು ಅದೂ ಒಂದು ಕಾರಣ.

ಕೊಳ ತೆರವಾದ ಮೇಲೆ ಮೊದಲ ತಿಂಗಳು ಎರಡು ದಿನಕ್ಕೊಮ್ಮೆ ಅಂಚು ಸುತ್ತಿ. ತುಂಡುಗಳು ನಡುನೀರಿನಲ್ಲಿ ಇರುವುದಿಲ್ಲ, ಜೊಂಡಿನ ಬುಡದಲ್ಲಿ, ಕಲ್ಲಿನ ಸಂದಿಯಲ್ಲಿ, ಒದ್ದೆ ಕೆಸರಿನ ಮೇಲೆ ಅಂಟಿಕೊಂಡಿರುತ್ತವೆ. ನೀರು ಇಳಿದಾಗ ದಡದಲ್ಲಿ ಕೂತು, ಏರಿದಾಗ ತೇಲಿ ಬರುತ್ತವೆ. ಚಹಾ ಸೋಸುವ ಜಾಲರಿಯನ್ನು ಉದ್ದ ಕೋಲಿಗೆ ಕಟ್ಟಿಕೊಂಡರೆ ಒಂದೊಂದೇ ಹೆಕ್ಕಬಹುದು. ಹೆಕ್ಕಿದ್ದನ್ನು ಎಣಿಸಿ ಒಂದು ಕಡೆ ಬರೆದಿಡಿ, ಸಂಖ್ಯೆ ಇಳಿಯುತ್ತಿದೆಯಾ ಇಲ್ಲವಾ ಅಂತ ಅದರಲ್ಲೇ ಗೊತ್ತಾಗುತ್ತದೆ. ಎರಡನೆಯ ತಿಂಗಳು ವಾರಕ್ಕೊಮ್ಮೆ ಸಾಕು. ಬೆಚ್ಚಗಿನ ದಿನಗಳಲ್ಲಿ ಮೂರು ತಿಂಗಳು ಒಂದೂ ಸಿಗದಿದ್ದರೆ ಹೋಯಿತು ಅಂತ ತಿಳಿಯಿರಿ. ಬಲೆ, ಬಕೆಟ್, ಬೂಟು ಎಲ್ಲ ಬೇರೆ ನೀರಿಗೆ ಒಯ್ಯುವ ಮೊದಲು ತೊಳೆದು ಪೂರ್ತಿ ಒಣಗಿಸಿ. ಗುರುತಿಸೋಕೆ ಅಂತ ಬಟ್ಟಲಿಗೆ ಹಾಕಿದ ಆ ಮೊದಲ ಗಿಡವನ್ನೂ ಮರೆಯಬೇಡಿ, ನೀರು ಚೆಲ್ಲುವ ಮೊದಲು ಅದನ್ನು ತೆಗೆದು ಬಿಸಿಲಿಗೆ ಹಾಕಿ.